ಐದು ಡಾಕ್ಟರರ ಹಲ್ಲಕ್ಕ

ನಮ್ಮ ಬೀದಿಯ ಕೊನೆಯಲ್ಲಿ, ಬಸ್ ಡಿಪೋದ ಗೋಡೆಗೆ ಬೆನ್ನು ಕೊಟ್ಟು ನಿಂತ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಒಬ್ಬ ಹೆಂಗಸು ಇಪ್ಪತ್ತೆರಡು ವರ್ಷ ಹಲ್ಲು ಕಟ್ಟಿದಳು. ಬಾಯೊಳಗೆ ಕೈ ಹಾಕುವ ಡಾಕ್ಟರಲ್ಲ. ಡಾಕ್ಟರರು ಬೊಚ್ಚು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು, ಇವಳು ಅದಕ್ಕೆ ತಕ್ಕ ಹಲ್ಲಿನ ಸೆಟ್ಟು ಮಾಡಿ ವಾಪಸು ಕೊಡುತ್ತಿದ್ದಳು. ಅವಳಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು, ಆದರೆ ಅದು ಬ್ಯಾಂಕಿನ ಪುಸ್ತಕದಲ್ಲಷ್ಟೇ ಉಳಿದಿತ್ತು. ದೊಡ್ಡ ಡಾಕ್ಟರಿಂದ ಹಿಡಿದು ಹಾಲು ಹಾಕುವವನ ತನಕ ಎಲ್ಲರ ಬಾಯಲ್ಲೂ ಅವಳು ಹಲ್ಲಕ್ಕ. ಗಂಡ ಸಿಟಿ ಬಸ್ಸಿನ ಡ್ರೈವರು. "ಮೂವತ್ತು ವರ್ಷ ಬಸ್ ಓಡಿಸಿದ್ರೂ ಈ ಊರಲ್ಲಿ ನಾನು ಬರೀ ಹಲ್ಲಕ್ಕನ ಗಂಡ" ಎಂದು ಅವನು ಸಿಕ್ಕವರ ಹತ್ತಿರವೆಲ್ಲ ಹೇಳಿಕೊಂಡು ನಗುತ್ತಿದ್ದ.

ಆ ಕೋಣೆಯನ್ನು ನೀವು ನೋಡಬೇಕಿತ್ತು. ಕಿಟಕಿಯ ಕೆಳಗೆ ಕಲ್ಲಿನ ಮೇಜು, ಮೇಜಿನ ಮೇಲೆ ಸ್ಪಿರಿಟ್ ದೀಪ, ಗುಲಾಬಿ ಬಣ್ಣದ ಮೇಣದ ಹಾಳೆಗಳು, ಮೇಣ ಕೆತ್ತುವ ನಾಲ್ಕು ಪುಟ್ಟ ಚಾಕುಗಳು. ಗೋಡೆಯ ಕಪಾಟಿನ ತುಂಬ ಬಿಳೀ ಪ್ಲಾಸ್ಟರಿನ ದವಡೆಗಳು, ಒಂದೊಂದಕ್ಕೂ ಚೀಟಿ. ಹೊಸದಾಗಿ ಬಂದವರು ಒಂದು ಕ್ಷಣ ಬೆಚ್ಚಿಬೀಳುತ್ತಿದ್ದರು. ಉಜ್ಜುವ ಯಂತ್ರ ಶುರುವಾದರೆ ಮನೆಯೆಲ್ಲ ಧೂಳು. "ಇವತ್ತು ಉಪ್ಪು ಹಾಕಿದ್ದೀಯೋ, ಪ್ಲಾಸ್ಟರ್ ಉದುರಿಸಿದ್ದೀಯೋ?" ಎಂದು ಗಂಡ ಊಟಕ್ಕೆ ಕೂತಾಗಲೆಲ್ಲ ಕೇಳುವನು. "ತಿನ್ನಿ, ಒಳಗಿನ ಗುಂಡಿಗಳಾದ್ರೂ ಮುಚ್ಚಿಕೊಳ್ಳಲಿ" ಎಂದು ಅವಳು ಬಡಿಸುವಳು.

ಹಲ್ಲು ಕಟ್ಟುವವರು ಊರಲ್ಲಿ ಇನ್ನೂ ಇದ್ದರು. ಅಚ್ಚು ಬಂತು, ಸೆಟ್ಟು ಹೋಯಿತು, ಅವರ ಕೆಲಸ ಅಲ್ಲಿಗೆ ಮುಗಿಯಿತು. ಹಲ್ಲಕ್ಕನದು ಹಾಗಲ್ಲ. ಅವಳಿಗೆ ಹಲ್ಲು ಹಾಕಿಸಿಕೊಳ್ಳುವವರೇ ಬಂದು ಎದುರಿಗೆ ಕೂರಬೇಕು. ಹಲ್ಲಿದ್ದ ಕಾಲದ ಫೋಟೋ ಒಂದು ತರಬೇಕು, ನಗುತ್ತಿರುವ ಫೋಟೋ. ಅದನ್ನು ದೀಪದ ಪಕ್ಕಕ್ಕಿಟ್ಟುಕೊಂಡು ಅರ್ಧ ಗಂಟೆ ಹರಟೆ ಹೊಡೆಯುವಳು. ಅತ್ತೆಯ ಸುದ್ದಿ, ಅಳಿಯನ ಸುದ್ದಿ, ಗಂಡನ ಗೊರಕೆಯ ಸುದ್ದಿ. ಎದುರಿನವರು ಮೈಮರೆತು ನಕ್ಕಾಗ ತುಟಿ ಎಷ್ಟು ಮೇಲೇಳುತ್ತದೆ, ಯಾವ ಕಡೆಗೆ ಎಳೆಯುತ್ತದೆ ಎಂದು ನೋಡಿಕೊಂಡು ಆಮೇಲೆ ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುವಳು. ಫೋಟೋದಲ್ಲಿ ಒಂದು ಹಲ್ಲು ಸೊಟ್ಟಗಿದ್ದರೆ ಸೆಟ್ಟಿನಲ್ಲೂ ಸೊಟ್ಟ. ಸಂದಿಯಿದ್ದರೆ ಸಂದಿ. ಒಬ್ಬ ಮುದುಕಿ ಕನ್ನಡಿ ಹಿಡಿದುಕೊಂಡು, "ಅಯ್ಯೋ, ಇದು ನಾನೇ ಕಣೇ!" ಎಂದು ಅತ್ತುಬಿಟ್ಟಿದ್ದಳು. "ಮತ್ಯಾರು, ಪಕ್ಕದ ಮನೆಯವರಾ?" ಎಂದು ರೇಗಿಸಿದ ಹಲ್ಲಕ್ಕ ಒಳಗೆ ಹೋಗಿ ತಾನೂ ಕಣ್ಣೊರೆಸಿಕೊಂಡಿದ್ದಳು.

ಅವಳಿಗೆ ಕೆಲಸ ಕೊಡುತ್ತಿದ್ದವರು ಐದು ಜನ ಡಾಕ್ಟರರು. ಬೋರ್ಡಿಲ್ಲ, ಕಾರ್ಡಿಲ್ಲ, ಕರಾರಿಲ್ಲ. ಐವರಲ್ಲಿ ಹಿರಿಯರಾದ ದೊಡ್ಡ ಡಾಕ್ಟರ ಬಳಿ ಅವಳು ಹದಿನೆಂಟನೇ ವಯಸ್ಸಿಗೆ ರೋಗಿಗಳ ಹೆಸರು ಬರೆದುಕೊಳ್ಳುವ ಕೆಲಸಕ್ಕೆ ಸೇರಿದ್ದು. ಅಲ್ಲಿ ಹಲ್ಲು ಕಟ್ಟುತ್ತಿದ್ದ ಮುದಿ ಮೆಕ್ಯಾನಿಕ್ಕಿನ ಪಕ್ಕ ಕೂತು ಕಣ್ಣಲ್ಲೇ ಕಲಿತಳು. ದೊಡ್ಡ ಡಾಕ್ಟರಿಂದ ಇನ್ನೊಬ್ಬರು, ಇನ್ನೊಬ್ಬರಿಂದ ಮತ್ತೊಬ್ಬರು, ಹೀಗೆ ಐದಾಯಿತು. "ಅವಳ ಕೈ ಕೂದಲೆಳೆಯಷ್ಟೂ ಅಲುಗಲ್ಲ" ಎಂದು ದೊಡ್ಡ ಡಾಕ್ಟರು ಉಳಿದವರಿಗೆ ಹೇಳಿದ ಆ ಒಂದು ಮಾತೇ ಅವಳ ಅಂಗಡಿ, ಅದೇ ಅವಳ ಬಂಡವಾಳ.

ಇನ್ನು ತಮ್ಮ. ಅವಳಿಗಿಂತ ಹನ್ನೊಂದು ವರ್ಷ ಚಿಕ್ಕವನು, ಬಾಯಿ ಮಾತ್ರ ಹನ್ನೊಂದು ವರ್ಷ ದೊಡ್ಡದು. ಮೊಬೈಲ್ ಅಂಗಡಿ ಇಟ್ಟ, ಮುಚ್ಚಿದ. ಕೊರಿಯರ್ ಹಿಡಿದ, ಬಿಟ್ಟ. ನೀರು ಸೋಸುವ ಯಂತ್ರ ಮಾರಲು ಹೋದ, ಅದೂ ನೀರಲ್ಲಿ ಹೋಮ. ಪ್ರತಿ ಸಲ ಅಕ್ಕನ ಮನೆಗೆ ಬಂದು ಊಟ ಮಾಡಿ, "ಈ ಸಲ ಗ್ರಹಚಾರ ಅಕ್ಕಾ" ಎನ್ನುವನು. "ನಿನಗೆ ಗ್ರಹಚಾರ ಬೇರೆ ಬೇಕೇನೋ, ನೀನೇ ಸಾಕು" ಎಂದು ಬೈದು ಇನ್ನೊಂದು ಸೌಟು ಬಡಿಸುವಳು. ಅವಳಿಗೆ ಅವನೆಂದರೆ ಜೀವ. ಈ ಮಾತನ್ನು ನಾನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದನ್ನು ಕೇಳಿ ನೀವು ಅವಳನ್ನೇ ದಡ್ಡಿ ಅನ್ನುತ್ತೀರಿ.

ಒಂದು ದಿನ ಪ್ಲಾಸ್ಟರ್ ಚೀಲ ಎತ್ತಲು ಹೋಗಿ ಹಲ್ಲಕ್ಕನ ಸೊಂಟ ಹಿಡಿದುಕೊಂಡಿತು. ಮೂರು ವಾರ ಹಾಸಿಗೆ. ಐದೂ ಡಾಕ್ಟರರು ಫೋನ್ ಮೇಲೆ ಫೋನ್. ಹನ್ನೆರಡು ಜನ ಮುದುಕರು ಬರೀ ಗಂಜಿ ಕುಡಿದುಕೊಂಡು ಅವಳ ಸೊಂಟ ನೆಟ್ಟಗಾಗಲಿ ಎಂದು ಕಾದರು. ಆಗಲೇ ತಮ್ಮ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತದ್ದು.

"ಅಕ್ಕಾ, ನೀನು ಮಾಡ್ತಿರೋದಕ್ಕೆ ಏನಂತಾರೆ ಗೊತ್ತಾ? ಫ್ರೀಲಾನ್ಸು."

"ಏನೋ ಅದು, ಹೊಸ ಕಾಯಿಲೇನಾ?"

"ಕಾಯಿಲೇನೇ ಅಂದ್ಕೊ. ನೀನು ಮಲಗಿದ್ರೆ ಕೆಲಸಾನೂ ಮಲಗುತ್ತೆ. ನಿನ್ನ ಎರಡು ಕೈ ಎಷ್ಟು ಮಾಡುತ್ತೋ ಅಷ್ಟೇ. ಉದ್ಯಮ ಅಂದ್ರೆ ಹಾಗಲ್ಲ. ನಾನು ಮಲಗಿದ್ರೂ ಕೆಲಸ ಎದ್ದಿರ್ಬೇಕು."

"ನೀನು ಮಲಗೋದ್ರಲ್ಲಿ ಎತ್ತಿದ ಕೈ ಬಿಡು, ಚೆನ್ನಾಗೇ ನಡೆಯುತ್ತೆ."

ತಮ್ಮನೂ ನಕ್ಕ. ನಕ್ಕು, ಅವಳ ಕೈ ಹಿಡಿದುಕೊಂಡು ಹೇಳಿದ. "ನೀನು ಕೈ, ನಾನು ಬಾಯಿ. ನಾಲ್ಕು ಜನಕ್ಕೆ ನೀನು ಕಲಿಸು, ನಾನು ಹತ್ತು ಡಾಕ್ಟರನ್ನ ತರ್ತೀನಿ. ಇಬ್ಬರದೂ ಸಮಪಾಲು. ನಿನಗೆ ಹುಷಾರಿಲ್ಲದಾಗ ಯಾರೂ ಗಂಜಿ ಕುಡೀಬೇಕಾಗಿಲ್ಲ."

ಆ ಕೊನೇ ಮಾತು ಅವಳ ಮನಸ್ಸಿಗೆ ನಾಟಿತು. ಹನ್ನೆರಡು ಜನ ಕಾಯುತ್ತಿದ್ದಾರೆ ಎಂಬುದೇ ಅವಳಿಗೆ ಸೊಂಟಕ್ಕಿಂತ ಹೆಚ್ಚು ನೋವಾಗಿತ್ತು. ಅಂದು ಸಂಜೆ ಗಂಡ, "ಪಾಲು ಅನ್ನೋದನ್ನ ಕಾಗದದಲ್ಲಿ ಬರೆಸ್ಕೊ" ಎಂದ. "ಒಡಹುಟ್ಟಿದವನ ಹತ್ರ ಕಾಗದ ಕೇಳ್ಲಾ? ನಿಮ್ಮ ಬಸ್ಸಲ್ಲಿ ಹೆಂಡ್ತಿಗೂ ಟಿಕೆಟ್ ಕೇಳ್ತೀರಲ್ಲ, ಆ ಬುದ್ಧಿ ಇದು" ಎಂದು ಹರಿಹಾಯ್ದಳು. ಡ್ರೈವರಿಗೆ ಯಾವ ತಿರುವಿನಲ್ಲಿ ಹಾರ್ನ್ ಮಾಡಬೇಕೆಂದು ಗೊತ್ತಿರುತ್ತದೆ, ಕೇಳುವವರಿಗೆ ಕಿವಿಯಿರಬೇಕಲ್ಲ.

ಸ್ಟೇಷನರಿ ಅಂಗಡಿಯ ಮಹಡಿಯಲ್ಲಿ ಮೂರು ಕೋಣೆ ಹಿಡಿದು ತಮ್ಮ ಬೋರ್ಡು ಹಾಕಿಸಿದ: 'ಸಹಜ ನಗು'. ಆ ಹೆಸರೂ ಅವಳ ಬಾಯಿಂದ ಬಂದ ಮಾತೇ. ಹಲ್ಲಕ್ಕ ಒಬ್ಬೊಬ್ಬ ಡಾಕ್ಟರ ಬಳಿಗೂ ಅವನನ್ನು ಕರೆದುಕೊಂಡು ಹೋಗಿ, "ಇವನು ನನ್ನ ತಮ್ಮ, ಇನ್ನು ಮೇಲೆ ಅಚ್ಚು ಇವನಿಗೇ ಕೊಡಿ, ನನಗೆ ಕೊಟ್ಟ ಹಾಗೇ" ಎಂದಳು. ತನ್ನ ಕೈಯಾರೆ ಐದೂ ಬಾಗಿಲು ತೆರೆದುಕೊಟ್ಟಳು. ಹದಿನಾಲ್ಕು ತಿಂಗಳು ನಾಲ್ವರು ಹುಡುಗಿಯರಿಗೆ ಕಲಿಸಿದಳು. ಮೇಣ ಎಷ್ಟು ಬಿಸಿಯಾಗಬೇಕು, ಚಾಕು ಯಾವ ಓರೆಯಲ್ಲಿ ಹಿಡಿಯಬೇಕು, ಮುಂದಿನ ಹಲ್ಲು ಎಷ್ಟು ಬಾಗಿದರೆ ಮಾತಿನಲ್ಲಿ ಸೀಟಿ ಬರುವುದಿಲ್ಲ, ಎಲ್ಲ. ಗುಟ್ಟು ಅಂತ ಒಂದನ್ನೂ ಇಟ್ಟುಕೊಳ್ಳಲಿಲ್ಲ. ಪಾಠಕ್ಕೆ ಮಾದರಿಯಾಗಲಿ ಎಂದು ಅಪ್ಪನ ಸೆಟ್ಟಿನ ಅಚ್ಚನ್ನೇ ಮನೆಯಿಂದ ತಂದಳು. ಅವಳು ಸ್ವಂತವಾಗಿ ಕಟ್ಟಿದ ಮೊದಲನೇ ಸೆಟ್ಟು ಅಪ್ಪನದು. ಎಡಗಡೆಯ ಮುಂದಿನ ಹಲ್ಲು ಪಕ್ಕದ್ದರ ಮೇಲೆ ಒಂಚೂರು ಏರಿ ಕೂತಿತ್ತು. ಅಪ್ಪ ನಕ್ಕರೆ ಏನೋ ತುಂಟತನ ಮಾಡಿ ಬಂದವರ ಹಾಗೆ ಕಾಣುತ್ತಿದ್ದುದು ಆ ಹಲ್ಲಿನಿಂದಲೇ. "ನೋಡಿ ಹುಡುಗೀರಾ, ಸೊಟ್ಟ ಅಂದ್ರೆ ತಪ್ಪಲ್ಲ, ಅದು ಆ ಮನುಷ್ಯನ ರುಜು" ಎಂದು ಹೇಳಿಕೊಟ್ಟಳು. ಮಧ್ಯಾಹ್ನ ತಮ್ಮ ಊಟದ ಡಬ್ಬಿ ತಂದು, ಅಕ್ಕ ತಮ್ಮ ಒಂದೇ ಡಬ್ಬಿಯಲ್ಲಿ ತಿನ್ನುತ್ತಿದ್ದರು. ಅವಳ ಜೀವನದಲ್ಲಿ ಅಷ್ಟು ಸಂತೋಷದ ದಿನಗಳು ಬೇರೆ ಇರಲಿಲ್ಲವಂತೆ. ಅವಳೇ ಹೇಳಿದ್ದು.

ಹದಿನೈದನೇ ತಿಂಗಳಿಗೆ ತಮ್ಮ, "ನಿನ್ನ ಸೊಂಟಕ್ಕೆ ಈ ಮೆಟ್ಟಿಲು ಆಗಲ್ಲ ಅಕ್ಕಾ, ಮನೇಲಿರು. ಕಷ್ಟದ್ದು ಮಾತ್ರ ನಿನಗೆ ಕಳಿಸ್ತೀನಿ" ಎಂದ. ವಾರಕ್ಕೆರಡು ಬಂದವು. ಆಮೇಲೆ ತಿಂಗಳಿಗೆರಡು. ಆಮೇಲೆ ಕಷ್ಟವೇ ಇಲ್ಲದ ಊರಾಯಿತು ನಮ್ಮದು. ಪಾಲಿನ ಮಾತೆತ್ತಿದರೆ, "ಸ್ವಲ್ಪ ತಡ್ಕೊ, ಈಗ ಬೆಳೀತಾ ಇದೆ" ಎನ್ನುವನು. ಅವಳು ತಡೆದುಕೊಂಡಳು. ಸ್ಪಿರಿಟ್ ದೀಪ ಒರೆಸಿ ಒರೆಸಿ ಫಳಫಳ ಮಾಡಿದಳು.

ಹೀಗಿರುವಾಗ ಅಂಚೆ ಕಚೇರಿಯ ಸಾಲಿನಲ್ಲಿ ಅವಳಿಗೆ ಅಪ್ಪ ಸಿಕ್ಕಿದರು. ಅಪ್ಪ ತೀರಿಕೊಂಡು ಒಂಬತ್ತು ವರ್ಷ. ಮುಂದೆ ನಿಂತಿದ್ದ ಹಳದಿ ಸ್ವೆಟರಿನ ದಪ್ಪ ಹೆಂಗಸು ತಿರುಗಿ, "ಪೆನ್ ಇದೆಯಾಮ್ಮ?" ಎಂದು ನಕ್ಕಳು. ಆ ಬಾಯಲ್ಲಿ ಅಪ್ಪನ ನಗು ಇತ್ತು. ಎಡಗಡೆಯ ಹಲ್ಲು, ಅದೇ ಏರು, ಅದೇ ಓರೆ. ಹಲ್ಲಕ್ಕನ ಕೈಯಿಂದ ಪೆನ್ನು ಬಿತ್ತು. ಎತ್ತಿಕೊಟ್ಟವರು ನಿವೃತ್ತ ಮೇಷ್ಟ್ರು. "ತಗೊಳ್ಳಿ" ಎಂದು ಅವರೂ ನಕ್ಕರು. ಅಲ್ಲೂ ಅಪ್ಪ.

"ಎಲ್ಲಿ ಕಟ್ಟಿಸಿದ್ರಿ?" ಎಂದಳು.

"ಸಹಜ ನಗು" ಎಂದು ಇಬ್ಬರೂ ಒಟ್ಟಿಗೆ ಹೇಳಿದರು. "ಕಂಪ್ಯೂಟರಲ್ಲಿ ಮಾಡ್ತಾರೆ. ಒಂದು ಹಲ್ಲು ಬೇಕಂತಲೇ ಓರೆ ಕೂರಿಸ್ತಾರೆ, ಹುಟ್ಟಾ ಬಂದ ಹಾಗೆ ಕಾಣ್ಲಿ ಅಂತ" ಎಂದು ಹೆಂಗಸು ಹೆಮ್ಮೆಯಿಂದ ವಿವರಿಸಿದಳು.

ಹಲ್ಲಕ್ಕ ಅಂಚೆ ಕೆಲಸ ಬಿಟ್ಟು ನೆಟ್ಟಗೆ ಮಹಡಿ ಹತ್ತಿದಳು. ಸೊಂಟದ ನೆನಪೂ ಬರಲಿಲ್ಲ. ಒಳಗೆ ಹೊಸ ಯಂತ್ರ, ದೊಡ್ಡ ಪರದೆ. ಪರದೆಯಲ್ಲಿ ಅಪ್ಪನ ಹಲ್ಲು ಗಿರಗಿರ ತಿರುಗುತ್ತಿತ್ತು. ಅವಳೇ ಕಲಿಸಿದ ಗುಂಗುರು ಕೂದಲ ಹುಡುಗಿ ಇವಳನ್ನು ನೋಡಿ ತಲೆ ತಗ್ಗಿಸಿದಳು. ತಮ್ಮ ಗಾಜಿನ ಕೋಣೆಯಿಂದ ಎದ್ದು ಬಂದ.

"ಅಪ್ಪನ ನಗು ಮಾರ್ತಿದ್ದೀಯೇನೋ?"

"ಮೆಲ್ಲಗೆ ಮಾತಾಡಕ್ಕಾ. ಅಪ್ಪ ನನಗೂ ಅಪ್ಪನೇ."

"ಕಂಡ ಕಂಡ ಬಾಯಿಗೆಲ್ಲ ಅಪ್ಪನ್ನ ತುರುಕಿದ್ದೀಯಲ್ಲೋ! ಒಬ್ಬೊಬ್ಬರ ಫೋಟೋ ನೋಡಿ ಕಟ್ಟೋದು ನಾನು ಕಲಿಸಿದ್ದು. ಅದೆಲ್ಲಿ ಹೋಯ್ತು?"

"ಒಬ್ಬೊಬ್ಬರನ್ನೂ ನಗಿಸ್ತಾ ಕೂತ್ರೆ ದಿನಕ್ಕೆ ಒಂದು ಸೆಟ್ಟು. ಈಗ ಹದಿನೈದು ಹೋಗುತ್ತೆ. ಯಾರೂ ದೂರು ಹೇಳಿಲ್ಲ."

"ಹಾಗಾದ್ರೆ ಪಾಲುದಾರಳಾಗಿ ನಾನು ಹೇಳ್ತೀನಿ ದೂರು."

ತಮ್ಮ ಉಸಿರು ಬಿಟ್ಟ. ಕೋಪದಿಂದಲ್ಲ, ಚಿಕ್ಕ ಮಗುವಿಗೆ ಲೆಕ್ಕ ಹೇಳಿಕೊಡುವವರ ತಾಳ್ಮೆಯಿಂದ ಹೇಳಿದ. "ಪಾಲುದಾರರು ಅಂದ್ರೆ ಮುಳುಗೋದಕ್ಕೂ ಜೊತೆಗಿರ್ಬೇಕು. ಯಂತ್ರದ ಸಾಲಕ್ಕೆ ನನ್ನ ಮನೆ ಅಡ ಇಟ್ಟೆ. ನೀನು ಸಹಿ ಹಾಕಿದ್ಯಾ? ಹುಡುಗೀರಿಗೆ ಸಂಬಳ ಹೇಗಪ್ಪಾ ಅಂತ ನಿದ್ದೆ ಕೆಟ್ಟಿದ್ದು ನಾನು. ನಿಂದು ಕೆಲಸ ಅಕ್ಕಾ, ನಂದು ಉದ್ಯಮ. ಕೆಲಸ ಮಾಡೋರು ಎದ್ದು ಹೋದ್ರೆ ಕೆಲಸಾನೂ ಅವರ ಜೊತೆ ಎದ್ದು ಹೋಗುತ್ತೆ. ಇದು ಹಾಗಲ್ಲ, ನಾಳೆ ನಾನಿಲ್ದೇ ಇದ್ರೂ ಇದು ಇರುತ್ತೆ."

ಸಾಲಕ್ಕೆ ಸಹಿ ಹಾಕು ಎಂದು ಅವನು ಯಾವತ್ತಾದರೂ ಕೇಳಿದ್ದನೇ? ಕೇಳಿದ್ದರೆ ಓದದೇ ಹಾಕುತ್ತಿದ್ದಳು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಇಲ್ಲಿ ಕೆಸರು ಅಕ್ಕನ ಕೈಗೆ, ಮೊಸರು ತಮ್ಮನ ಬಾಯಿಗೆ. ಆದರೂ ಅವನು ಹೇಳಿದ್ದರಲ್ಲಿ ಒಂದು ಮಾತು ನಿಜವೆಂದು ಅವಳಿಗೆ ಅನಿಸಿತು. ಅವಳ ಕೆಲಸ ಅವಳ ಜೊತೆಗೇ ಎದ್ದು ಬರುತ್ತದೆ. ಸರಿ, ಎಬ್ಬಿಸಿಕೊಂಡು ಹೋದರಾಯಿತು.

"ನಿನ್ನ ಉದ್ಯಮ ನೀನೇ ಇಟ್ಕೊ. ನನ್ನ ಐದು ಡಾಕ್ಟರನ್ನ ನನಗೆ ಬಿಡು. ನಾನು ಮೊದಲಿನ ಹಾಗೇ ಮನೇಲಿ ಕೂತು ಕಟ್ಕೋತೀನಿ."

ತಮ್ಮ ಕಿಟಕಿಯ ಕಡೆ ನೋಡಿದ. "ಹೋಗಿ ಕೇಳ್ಕೊ. ನಾನು ಯಾರನ್ನೂ ಕಟ್ಟಿ ಹಾಕಿಲ್ಲ."

ಅವಳು ಅಪ್ಪನ ಅಚ್ಚನ್ನು ಕಪಾಟಿನಿಂದ ಎತ್ತಿ ಚೀಲಕ್ಕೆ ಹಾಕಿಕೊಂಡು ಇಳಿದಳು. ಮನೆಗೆ ಬಂದು ಗಂಡನಿಗೆಲ್ಲ ಹೇಳಿದಳು. ನಾನು ಅವತ್ತೇ ಹೇಳಿರಲಿಲ್ಲವಾ ಎಂದು ಅವನು ಅನ್ನಲಿಲ್ಲ, ಪುಣ್ಯಾತ್ಮ. "ನಾಳೆ ನನ್ನ ಬಸ್ಸಲ್ಲೇ ಬಾ, ಐದೂ ಕಡೆ ಇಳಿಸ್ತೀನಿ. ಟಿಕೆಟ್ ಬೇಡ" ಎಂದಷ್ಟೇ ಅಂದ. ಆ ಮಾತಿಗೆ ಅವಳಿಗೆ ನಗು ಬಂತು, ನಗುತ್ತಲೇ ಅಳು ಬಂತು.

ಮಾರನೆಯ ಬೆಳಿಗ್ಗೆ ಮೊದಲು ದೊಡ್ಡ ಡಾಕ್ಟರ ಬಳಿಗೆ ಹೋದಳು. ಅವರು ಎದ್ದು ಬಂದು ಅವಳಿಗೆ ತಾವೇ ಕುರ್ಚಿ ಹಾಕಿದರು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಹಾಕಿದವರಲ್ಲ. "ನಿದ್ದೆ ಬರುತ್ತೇನಮ್ಮ? ಊಟ ಸೇರುತ್ತಾ?" ಎಂದರು. ಅವಳು ಬಂದ ವಿಷಯ ಹೇಳಿದಾಗ, "ಕೆಲಸ ಕೆಲಸ ಅಂತ ಯಾಕೆ ಒದ್ದಾಡ್ತೀಯಾ, ಇಷ್ಟು ವರ್ಷ ದುಡಿದಿದ್ದು ಸಾಕು. ತಮ್ಮ ಚಿನ್ನದಂಥವನು, ನೋಡ್ಕೋತಾನೆ" ಎಂದು ಬೆನ್ನು ತಟ್ಟಿ ಕಳಿಸಿದರು. ಎರಡನೆಯವರು ಅವಳ ಕೈಯಿಂದ ಚೀಲ ಇಸಿದುಕೊಂಡು ಬಾಗಿಲ ತನಕ ತಾವೇ ಹೊತ್ತು ತಂದರು. ಅಚ್ಚಿನ ಮಾತು ಮಾತ್ರ ಎತ್ತಲಿಲ್ಲ. ಮೂರನೆಯವರು ಒಬ್ಬ ನರದ ಡಾಕ್ಟರ ವಿಳಾಸ ಬರೆದುಕೊಟ್ಟರು. ಸೊಂಟಕ್ಕಿರಬೇಕು ಎಂದುಕೊಂಡು ಇಸಿದುಕೊಂಡಳು. ನಾಲ್ಕನೆಯವರು ಒಳಗಿದ್ದುಕೊಂಡೇ ಇಲ್ಲವೆಂದು ಹೇಳಿಸಿದರು. ಸಿಕ್ಕಿದವರೆಲ್ಲ ಎಂದಿಗಿಂತ ಒಳ್ಳೆಯವರಾಗಿದ್ದರು. ಆ ಒಳ್ಳೆಯತನ ಅವಳಿಗೆ ಅರ್ಥವಾಗಲಿಲ್ಲ, ಹಿಡಿಸಲೂ ಇಲ್ಲ.

ಐದನೆಯವಳು ಎಲ್ಲರಿಗಿಂತ ಚಿಕ್ಕ ಡಾಕ್ಟರಮ್ಮ, ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳು. ಹಲ್ಲಕ್ಕ ಅವಳೆದುರು ಕೂತು ನೇರವಾಗಿಯೇ ಕೇಳಿದಳು.

"ನನಗೆ ಅಚ್ಚು ಕೊಡ್ತೀರೋ ಇಲ್ವೋ? ಇಲ್ಲ ಅಂದ್ರೆ ಯಾಕೆ ಅಂತ ಹೇಳಿ. ಸುಮ್ನೆ ಬೆನ್ನು ತಟ್ಟಬೇಡಿ, ಬೆಳಿಗ್ಗೆಯಿಂದ ತಟ್ಟಿಸ್ಕೊಂಡು ಸಾಕಾಗಿದೆ."

ಡಾಕ್ಟರಮ್ಮ ಬಾಗಿಲು ಮುಂದೆ ಮಾಡಿ ಬಂದಳು. "ಮಾತು ಕೊಟ್ಟಿದ್ದೆ ಅಕ್ಕಾ, ಹೇಳಬಾರದು ಅಂತ. ಆದ್ರೆ ನೀವು ಹೀಗೆ ಅಲೀತಿರೋದು ನೋಡೋಕಾಗಲ್ಲ. ವರ್ಷದ ಹಿಂದೆ ನಿಮ್ಮ ತಮ್ಮ ನಮ್ಮೆಲ್ಲರ ಹತ್ರಾನೂ ಬಂದಿದ್ರು. ಅಕ್ಕನಿಗೆ ಕೈ ನಡುಗೋ ಕಾಯಿಲೆ ಶುರುವಾಗಿದೆ, ಇನ್ನು ಹಲ್ಲು ಕೂರ್ಸೋಕಾಗಲ್ಲ, ಅವಳಾಗೇ ಬಂದು ಕೆಲಸ ಕೇಳಿದ್ರೂ ಕೊಡ್ಬೇಡಿ, ಕಾಯಿಲೆ ಮಾತು ಅವಳೆದುರು ಆಡ್ಬೇಡಿ, ಮನಸ್ಸಿಗೆ ಹಚ್ಕೋತಾಳೆ ಅಂದ್ರು. ಇಲ್ಲೇ ಕೂತು ಕಣ್ಣಲ್ಲಿ ನೀರು ಹಾಕಿದ್ರು ಅಕ್ಕಾ."

ವರ್ಷದ ಹಿಂದೆ. ಹಲ್ಲಕ್ಕ ಲೆಕ್ಕ ಹಾಕಿದಳು. ಆಗ ಅವಳಿನ್ನೂ ಮಹಡಿಯ ಮೇಲೆಯೇ ಇದ್ದಳು, ಹುಡುಗಿಯರ ಕೈ ಹಿಡಿದು ಮೇಣ ಕೆತ್ತಿಸುತ್ತಿದ್ದಳು. ಬೆಳಿಗ್ಗೆ ಇವರೆದುರು ಅತ್ತು ಬಂದವನು ಮಧ್ಯಾಹ್ನ ಡಬ್ಬಿ ಬಿಚ್ಚಿ, "ತಿನ್ನಕ್ಕಾ" ಎಂದು ತನ್ನ ಪಾಲಿನದನ್ನೂ ಅವಳ ಕಡೆಗೆ ಸರಿಸಿದ್ದ. ಯಾವ ಬೀಗವನ್ನೂ ಒಡೆಯದೆ, ಒಂದೇ ಒಂದು ಮಾತಿನಿಂದ, ಅವಳ ಇಪ್ಪತ್ತೆರಡು ವರ್ಷವನ್ನು ಗುಡಿಸಿ ಹಾಕಿದ್ದ. ಥೂ, ಹಗೆಯವನೂ ಇಂಥದ್ದು ಮಾಡಲಾರ. ಹಗೆಯವನಿಗೆ ಎಲ್ಲಿ ಹೊಡೆದರೆ ಸಾಯುತ್ತಾಳೆ ಅನ್ನುವುದು ಇಷ್ಟು ಚೆನ್ನಾಗಿ ಗೊತ್ತಿರುವುದಿಲ್ಲ.

"ಕೈ ನಡುಗುತ್ತಾ? ನನಗಾ?" ಅವಳು ಎದ್ದು ನಿಂತಳು. "ಸುಳ್ಳು ಡಾಕ್ಟ್ರೇ. ನನ್ನ ತಾಯಾಣೆಗೂ ಸುಳ್ಳು. ನೀವೇ ನೋಡಿ, ಕಣ್ಣಾರೆ ನೋಡಿ."

ಬಾಯಿ ನೋಡುವ ದೊಡ್ಡ ದೀಪವನ್ನು ತಾನೇ ಎಳೆದು ಹೊತ್ತಿಸಿ, ಅದರ ಬೆಳಕಿನ ಕೆಳಗೆ ಬಲಗೈಯನ್ನು ಬೆರಳು ಬಿಡಿಸಿ ಚಾಚಿದಳು.

ಕೈ ಗಡಗಡ ನಡುಗುತ್ತಿತ್ತು.

ಎಡಗೈಯಿಂದ ಮಣಿಕಟ್ಟನ್ನು ಅದುಮಿ ಹಿಡಿದಳು. ಈಗ ಎರಡೂ ನಡುಗಿದವು.

"ಇದು ಸಿಟ್ಟು ಡಾಕ್ಟ್ರೇ" ಎಂದಳು. "ಕಾಯಿಲೆ ಅಲ್ಲ. ಸಿಟ್ಟು ಇದು. ಇಲ್ಲಿಗೆ ಬರೋವರೆಗೂ ಇರ್ಲಿಲ್ಲ."

"ಗೊತ್ತು ಅಕ್ಕಾ, ಗೊತ್ತು. ಮೊದಲು ಕೂತ್ಕೊಳ್ಳಿ" ಎಂದಳು ಡಾಕ್ಟರಮ್ಮ, ಹಲ್ಲು ಕೀಳಿಸಿಕೊಳ್ಳಲು ಹೆದರಿದವರ ಹತ್ತಿರ ಮಾತಾಡುವ ದನಿಯಲ್ಲಿ. ದೀಪ ಆರಿಸಿ, ಒಂದು ಲೋಟ ನೀರು ತಂದು ಮೇಜಿನ ಮೇಲಿಟ್ಟಳು.

ಹಲ್ಲಕ್ಕ ಎರಡೂ ಕೈಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ಕೂತಳು. ಬಾಯಿ ಒಣಗಿತ್ತು, ಲೋಟ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು, ಆದರೆ ಡಾಕ್ಟರಮ್ಮ ನೋಡುತ್ತಿರುವಷ್ಟು ಹೊತ್ತೂ ಅವಳು ಅದನ್ನು ಎತ್ತಿಕೊಳ್ಳಲಿಲ್ಲ.